ಮೈಸೂರು ಸೀಮೆಯಿಂದ ನೀಲಗಿರಿಗೆ: ಒಂಬೈನೂರು ವರ್ಷಗಳ ಹಾದಿ



ನೀಲಗಿರಿ ಎಂದೊಡನೆ ಇಂದು ಎಲ್ಲರ ಕಣ್ಣಮುಂದೆ ಬರುವುದು ಊಟಿಯ ಹೂದೋಟ, ದೋಣಿವಿಹಾರ, ಚಹಾ ತೋಟ ಮತ್ತು ಪುಟ್ಟ ರೈಲು. ಉತ್ಸವದ ನಿಮಿತ್ತ ಮೈಸೂರು, ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯಿಂದ ಬರುವ ನಮ್ಮ ಬಂಧುಗಳು ದೇವರ ದರ್ಶನ ಮುಗಿಸಿ ಒಂದು ದಿನ ಊಟಿ ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಅಂಗಡಿಯಲ್ಲಿ ಕುಳಿತಿರುವ ನನ್ನಲ್ಲಿ ಅನೇಕರು ದಾರಿ ವಿಚಾರಿಸುತ್ತಾರೆ. ಎಷ್ಟು ಕಿಲೋಮೀಟರ್, ಎಷ್ಟು ಹೊತ್ತಿನ ಪ್ರಯಾಣ ಎಂದು ಕೇಳುವವರೇ ಎಲ್ಲರೂ. ಈ ಹಾದಿ ಯಾವ ಕಾಲದ್ದು, ಇದರಲ್ಲಿ ಯಾರು ಯಾರು ನಡೆದುಹೋದರು ಎಂದು ಕೇಳುವವರು ವಿರಳ. ಆದ್ದರಿಂದ ತಿಳಿದ ನಾಲ್ಕು ಸಂಗತಿಗಳನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆದಿಡುವುದು ಉಚಿತವೆಂದು ತೋರಿತು.

ಶಾಸನಗಳಲ್ಲಿ ನೀಲಗಿರಿ

ಈ ಗಿರಿಗೆ ಹೆಸರಿಟ್ಟವರು ಬ್ರಿಟಿಷರೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ಕ್ರಿ.ಶ. 1117ರಲ್ಲಿ ಚಾಮರಾಜನಗರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅಲ್ಲಿಯ ಶಾಸನದಲ್ಲಿ ಅವನು ತೋದವರನ್ನು ಹೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡ ವಿಷಯವಿದೆ. ತೋದ ಜನರ ಬಗ್ಗೆ ದೊರೆತಿರುವ ಅತ್ಯಂತ ಹಳೆಯ ಬರಹ ಇದೇ. ಊಟಿ ಪಟ್ಟಣ ಹುಟ್ಟುವುದಕ್ಕೆ ಏಳುನೂರು ವರ್ಷ ಮೊದಲೇ ಕನ್ನಡದ ಕಲ್ಲಿನಲ್ಲಿ ಈ ಬೆಟ್ಟದ ಹೆಸರು ಇತ್ತೆಂಬುದು ನಾವು ಮರೆಯಬಾರದ ಮಾತು. ಅದೇ ಕಲ್ಲು ಇನ್ನೊಂದು ಮಾತನ್ನೂ ಹೇಳುತ್ತದೆ: ಕೆಳಗಿನ ಸೈನ್ಯ ಬರುವ ಮೊದಲೇ ಮೇಲೆ ತೋದವರು ಇದ್ದರು. ಮನೆ ಅವರದು, ನಾವು ಅನಂತರ ಬಂದವರು.

ಹೊಯ್ಸಳರ ಕೊನೆಗಾಲದಲ್ಲಿ ತೆರಕಣಾಂಬಿಯ ದಂಡನಾಯಕರು ಈ ಭಾಗವನ್ನು ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಮಾಧವ ದಂಡನಾಯಕನು 1315ರಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು ಕಟ್ಟಿಸಿದನೆಂದು ಪ್ರಸಿದ್ಧಿಯಿದೆ. ಇವರ ಹೆಸರಿನ ಒಂದು ಕೋಟೆ, ದಣ್ಣಾಯಕನ ಕೋಟೆ, ಮೋಯಾರ್ ನದಿಯು ಭವಾನಿ ನದಿಯನ್ನು ಸೇರುವ ಸ್ಥಳದ ಬಳಿ ಇತ್ತು. 1955ರಲ್ಲಿ ಭವಾನಿಸಾಗರ ಅಣೆಕಟ್ಟು ಪೂರ್ಣಗೊಂಡಾಗ ಅದು ಊರ ಸಮೇತ ಮುಳುಗಿತು. ಜಲಾಶಯದ ನೀರು ತೀರ ಇಳಿದ ವರ್ಷಗಳಲ್ಲಿ ಮಾತ್ರ ಅಲ್ಲಿಯ ಹಳೆಯ ಗುಡಿಯ ಕಲ್ಲುಮಂಟಪ ಹೊರಗೆ ಕಾಣುತ್ತದೆ. ಮಸಿನಗುಡಿಯ ಪಕ್ಕದ ಕಣಿವೆಯಲ್ಲಿ ಹರಿಯುವ ಮೋಯಾರ್ ನೀರೇ ಆ ಕೋಟೆಯ ಮೇಲೆ ನಿಂತಿದೆ.

ಗುಂಡ್ಲುಪೇಟೆಯಿಂದ ತೆಪ್ಪಕಾಡಿಗೆ

ಮೈಸೂರಿನಿಂದ ಸುಮಾರು 60 ಕಿಲೋಮೀಟರ್ ಬಂದರೆ ಗುಂಡ್ಲುಪೇಟೆ. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ ಕಟ್ಟಿಸಿದ ಪರವಾಸುದೇವ ದೇವಾಲಯ ಇಲ್ಲಿದೆ. ಊಟಿಗೆ ಧಾವಿಸುವ ವಾಹನಗಳಲ್ಲಿ ನೂರಕ್ಕೆ ಒಂದೂ ಇಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕೆಂದು ನನ್ನ ಸಲಹೆ. ಇಲ್ಲಿಂದ ಒಂದು ಹಾದಿ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಬಂಡೀಪುರದ ಮೂಲಕ ನಮ್ಮ ಕಡೆಗೆ.

ಬಂಡೀಪುರದ ಕಾಡನ್ನು ಮೈಸೂರು ಮಹಾರಾಜರ ಸರ್ಕಾರವು 1931ರಲ್ಲಿಯೇ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕಾಪಾಡಲು ಆರಂಭಿಸಿತು. 1973ರಲ್ಲಿ ಹುಲಿ ಯೋಜನೆ ಬಂತು. ಗಡಿಯಾಚೆ ಮದುಮಲೆ ಅಭಯಾರಣ್ಯ 1940ರಲ್ಲಿ ಆಗಿ, 2007ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಕಾಗದದ ಮೇಲೆ ಎರಡು ರಾಜ್ಯ, ಎರಡು ಹೆಸರು. ಆನೆಗೆ ಮಾತ್ರ ಒಂದೇ ಕಾಡು. ಗಡಿಯ ತನಿಖಾ ಠಾಣೆಯ ಹೆಸರು ಕೆಕ್ಕನಹಳ್ಳ. ಹಳ್ಳಕ್ಕೆ ಹೆಸರಿಟ್ಟವರ ಭಾಷೆ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ತೆಪ್ಪಕಾಡಿನಲ್ಲಿ ಮೋಯಾರ್ ಸೇತುವೆ ಮತ್ತು ಪ್ರಸಿದ್ಧವಾದ ಆನೆ ಶಿಬಿರ ಇವೆ. ತಬ್ಬಲಿ ಆನೆಮರಿಗಳನ್ನು ಇಲ್ಲಿ ಸಾಕಿದ ದಂಪತಿಗಳನ್ನು ಕುರಿತ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಪ್ರಶಸ್ತಿ ಬಂದ ವಿಷಯ ಎಲ್ಲರಿಗೂ ಗೊತ್ತಿದೆ. ಇಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ, ಬಲಕ್ಕೆ ಗೂಡಲೂರು.

ಮಸಿನಗುಡಿ ಮತ್ತು ಸೀಗೂರು ಘಾಟಿ

ಗುಡಿಯನ್ನೇ ಹೆಸರಿನಲ್ಲಿ ಇಟ್ಟುಕೊಂಡ ಊರು ಮಸಿನಗುಡಿ. ಊರಿನಲ್ಲಿ ಮಾಸಿನಿಯಮ್ಮನ ಗುಡಿ, ಹತ್ತಿರದ ಬೊಕ್ಕಾಪುರದಲ್ಲಿ ಮಾರಿಯಮ್ಮನ ಗುಡಿ ಇದೆ. ಬೊಕ್ಕಾಪುರದ ಜಾತ್ರೆಗೆ ಬೆಟ್ಟದ ಮೇಲಿನವರೂ ಕೆಳಗಿನವರೂ ಒಟ್ಟಿಗೆ ಸೇರುತ್ತಾರೆ. ಸುತ್ತಲಿನ ಮಾವನಹಳ್ಳ, ಆನೆಕಟ್ಟಿ, ಕಲ್ಹಟ್ಟಿ ಎಂಬ ಹೆಸರುಗಳನ್ನು ಗಮನಿಸಿರಿ. ಇಂದು ಫಲಕಗಳಲ್ಲಿ ಇವು ಬೇರೆ ಬೇರೆ ರೂಪದಲ್ಲಿ ಬರೆಯಲ್ಪಡುತ್ತಿವೆ. ಹಳ್ಳ ಎಂಬುದು ‘ಅಲ್ಲ’ ಎಂದಾದರೆ, ಅಲ್ಲಿ ಒಂದು ತೊರೆ ಇತ್ತೆಂಬ ನೆನಪೂ ಹೆಸರಿನೊಡನೆ ಅಳಿಯುತ್ತದೆ.

ಮಸಿನಗುಡಿಯಿಂದ ಊಟಿಗೆ ಸುಮಾರು 30 ಕಿಲೋಮೀಟರ್. ಅಷ್ಟರಲ್ಲೇ ಸಾವಿರ ಮೀಟರಿಗೂ ಹೆಚ್ಚು ಮೇಲೇರಬೇಕು. ಕಲ್ಹಟ್ಟಿಯ ಮೂಲಕ ಹೋಗುವ ಈ ಸೀಗೂರು ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. 1830ರ ದಶಕದಲ್ಲಿ ಮೈಸೂರು ಸೀಮೆಯನ್ನು ಊಟಿಗೆ ಜೋಡಿಸಲು ತೆರೆದ ಮಾರ್ಗ ಇದು. ಇಳಿಯುವಾಗ ಬ್ರೇಕ್ ಸುಟ್ಟು ಅಪಘಾತಗಳಾದ ಕಾರಣ ಹೊರಗಿನ ವಾಹನಗಳಿಗೆ ಇಳಿಜಾರಿನಲ್ಲಿ ನಿರ್ಬಂಧ ಹೇರಲಾಗಿದೆ; ವಿಚಾರಿಸಿಯೇ ಹೊರಡುವುದು ಕ್ಷೇಮ.

ಮಸಿನಗುಡಿ ಬೆಳೆದುದರಲ್ಲಿ ವಿದ್ಯುತ್ತಿನ ಪಾತ್ರವೂ ಇದೆ. ಪೈಕಾರ ನದಿಯ ನೀರನ್ನು ಕೊಳವೆಗಳಲ್ಲಿ ಕೆಳಗಿಳಿಸಿ ಸಿಂಗಾರದಲ್ಲಿ ವಿದ್ಯುತ್ ತೆಗೆಯುವ ಕೇಂದ್ರ 1932ರಲ್ಲಿ ಆರಂಭವಾಯಿತು. ಕೊಯಮತ್ತೂರಿನ ಗಿರಣಿಗಳು ಬೆಳೆದದ್ದು ಈ ವಿದ್ಯುತ್ತಿನಿಂದ. 1952ರಲ್ಲಿ ಮೋಯಾರ್ ವಿದ್ಯುದಾಗಾರವೂ ಬಂತು.

ಉದಕಮಂಡಲ

ಊಟಿಯನ್ನು ನಾವು ಉದಕಮಂಡಲವೆಂದು ಕರೆದು, ಸರೋವರದ ನೀರಿನಿಂದ ಆ ಹೆಸರು ಬಂತೆಂದು ಮಕ್ಕಳಿಗೆ ಹೇಳುತ್ತೇವೆ. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. 1821ರ ಮದ್ರಾಸ್ ಗೆಜೆಟ್ ಪತ್ರಿಕೆಯಲ್ಲಿ ಈ ಸ್ಥಳವನ್ನು ‘ವೊಟೋಕಿಮಂಡ್’ ಎಂದು ಬರೆದಿದ್ದಾರೆ. ಸರೋವರವನ್ನು ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ್ದು 1823ರಿಂದ 1825ರವರೆಗೆ. ನೀರಿಗಿಂತ ಮೊದಲೇ ಹೆಸರು ಇತ್ತು. ಅದು ತೋದರ ಒಂದು ಮಂದಿನ, ಎಂದರೆ ಹಾಡಿಯ, ಹೆಸರು. ಕೋತಗಿರಿಯೂ ಹಾಗೆಯೇ, ಕೋತ ಜನರ ಕೇರಿ. ದೊಡ್ಡಬೆಟ್ಟ ಮಾತ್ರ ಅಚ್ಚಗನ್ನಡದಲ್ಲಿಯೇ ಉಳಿದಿದೆ. 2637 ಮೀಟರ್ ಎತ್ತರದ ಈ ಶಿಖರವು ನೀಲಗಿರಿಯಲ್ಲೇ ಅತ್ಯುನ್ನತವಾದದ್ದು.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಬೆಟ್ಟವು ಕಂಪನಿಯ ವಶವಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಸಲಿವನ್ 1819ರ ಜನವರಿಯಲ್ಲಿ ಹತ್ತಿ ಬಂದು, ಕೋತಗಿರಿಯ ಬಳಿಯ ಕನ್ನೇರಿಮುಕ್ಕಿನಲ್ಲಿ ಮೊದಲ ಬಂಗಲೆ ಕಟ್ಟಿಸಿದರು. 1848ರಲ್ಲಿ ಸಸ್ಯೋದ್ಯಾನ, 1868ರಲ್ಲಿ ಪ್ರತ್ಯೇಕ ಜಿಲ್ಲೆ, 1899ರಲ್ಲಿ ಕೂನೂರಿಗೆ ರೈಲು, 1908ರಲ್ಲಿ ಊಟಿಗೆ ರೈಲು. ಮೇಟ್ಟುಪಾಳಯಂನಿಂದ 46 ಕಿಲೋಮೀಟರ್ ಉದ್ದದ ಈ ಹಳಿಯಲ್ಲಿ 208 ತಿರುವುಗಳು, 16 ಸುರಂಗಗಳು, 250 ಸೇತುವೆಗಳಿವೆ. ಕಡಿದಾದ ಭಾಗದಲ್ಲಿ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಇಂಜಿನ್ನಿನ ಚಕ್ರ ಕಚ್ಚಿಕೊಂಡು ಏರುತ್ತದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೈಸೂರು ಅರಸರ ಬೇಸಿಗೆಯ ಅರಮನೆಯೂ ಕರ್ನಾಟಕ ತೋಟಗಾರಿಕೆ ಇಲಾಖೆಯ ಉದ್ಯಾನವೂ ಫರ್ನ್‌ಹಿಲ್ ಭಾಗದಲ್ಲಿವೆ.

ಹಟ್ಟಿಗಳಲ್ಲಿ ವಾಸಿಸುವ ಬಡಗರನ್ನು ಇಲ್ಲಿ ನೆನೆಯಲೇಬೇಕು. ಬಡಗು ಎಂದರೆ ಉತ್ತರ. ಉತ್ತರದ ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬೆಟ್ಟ ಹತ್ತಿದವರಾದ್ದರಿಂದ ಆ ಹೆಸರು. ಅವರ ಮಾತು ಕನ್ನಡಕ್ಕೆ ಸೋದರಿಯಂತಿದ್ದರೂ ತನ್ನದೇ ಆದ ಒಂದು ಭಾಷೆ. ಬೇರಗಣಿಯಲ್ಲಿ ಹೆತ್ತೆ ಹಬ್ಬ ನಡೆಯುವಾಗ ಬಿಳಿಯ ವಸ್ತ್ರ ಧರಿಸಿ ಸಾಲಾಗಿ ಬರುವ ಸಾವಿರಾರು ಜನರನ್ನು ನೋಡುವುದು ಪುಣ್ಯ.

ಪೈಕಾರದಿಂದ ಗೂಡಲೂರು

ಊಟಿಯಿಂದ ಗೂಡಲೂರಿಗೆ 50 ಕಿಲೋಮೀಟರ್. ಪೈಕಾರದ ಜಲಪಾತ, ಹುಲ್ಲುಗಾವಲು, ಅನಂತರ ನಡುವಟ್ಟ. 1860ರ ದಶಕದಲ್ಲಿ ಮಲೇರಿಯಾ ಜ್ವರಕ್ಕೆ ಔಷಧಿಯಾದ ಸಿಂಕೋನ ಮರಗಳನ್ನು ನಡುವಟ್ಟದಲ್ಲಿ ಬೆಳೆಸಲು ಚೀನೀ ಕೈದಿಗಳನ್ನು ತಂದು ದುಡಿಸಿದರು. ಅಲ್ಲಿಂದ ಇಳಿದರೆ ಹವೆಯೇ ಬದಲು. ಪಡುವಣ ಮಳೆಗಾಳಿ ಮೊದಲು ತಾಗುವುದು ಗೂಡಲೂರಿಗೆ. ಆದ್ದರಿಂದ ಅಲ್ಲಿ ಚಹಾ, ಕಾಫಿ, ಮೆಣಸು. ಬೆಟ್ಟದ ಮರೆಯಲ್ಲಿರುವ ಮಸಿನಗುಡಿಗೆ ಆ ಮಳೆ ಅಷ್ಟಾಗಿ ದಾಟದು. ಆದ್ದರಿಂದ ಅಲ್ಲಿ ಮುಳ್ಳುಕಾಡು. ಒಂದೇ ಜಿಲ್ಲೆ, ಒಂದೇ ದಿನದ ಪ್ರಯಾಣ, ಎರಡು ಲೋಕ.

ಗೂಡಲೂರು ಭಾಗ 1877ರವರೆಗೆ ಮಲಬಾರ್ ಜಿಲ್ಲೆಯಲ್ಲಿತ್ತು. 1880ರ ಸುಮಾರಿಗೆ ದೇವಾಲ, ಪಂದಲೂರುಗಳಲ್ಲಿ ಚಿನ್ನವಿದೆಯೆಂದು ಲಂಡನ್ನಿನ ಹಣ ಹರಿದುಬಂತು. ಕೆಲವೇ ವರ್ಷಗಳಲ್ಲಿ ಕಂಪನಿಗಳು ಮುಳುಗಿದವು. 1964ರ ಒಪ್ಪಂದದ ಮೇರೆಗೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಚಹಾ ತೋಟಗಳಲ್ಲಿ ನೆಲೆಸಿದವು. ಕನ್ನಡ, ತಮಿಳು, ಮಲಯಾಳ ಮೂರೂ ಇಲ್ಲಿಯ ಬಜಾರಿನಲ್ಲಿ ನಡೆಯುತ್ತವೆ. ಅಂಗಡಿಯವನಾದ ನನಗೆ ಗೊತ್ತು, ಒಂದೇ ಭಾಷೆ ಹಿಡಿದು ಕುಳಿತರೆ ಇಲ್ಲಿ ವ್ಯಾಪಾರ ಸಾಗದು.

ನಮ್ಮ ಕರ್ತವ್ಯ

ದಣ್ಣಾಯಕನ ಕೋಟೆಯನ್ನು ನೀರು ಮುಳುಗಿಸಿತು. ಊರ ಹೆಸರುಗಳನ್ನು ಮುಳುಗಿಸಲು ಅಣೆಕಟ್ಟು ಬೇಕಿಲ್ಲ, ನಮ್ಮ ಮರೆವು ಸಾಕು. ಹಳ್ಳ, ಹಟ್ಟಿ, ಮಂದು, ಕೇರಿ ಎಂಬ ಮಾತುಗಳ ಅರ್ಥ ತಿಳಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮಕ್ಕಳು ಅವರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದೂ ಒಂದು ಸೇವೆಯೇ.

ಇನ್ನೊಂದು ಪ್ರಾರ್ಥನೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿದೆ. 2024ರ ಮೇ ತಿಂಗಳಿನಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಜಾರಿಗೆ ಬಂದಿದೆ. ಸೀಗೂರಿನ ಆನೆದಾರಿಯನ್ನು ಉಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪು ನೀಡಿತು. ಇವುಗಳಿಂದ ವ್ಯಾಪಾರಕ್ಕೆ ತೊಂದರೆ ಎಂದು ಗೊಣಗುವವರ ಸಾಲಿನಲ್ಲಿ ಅಂಗಡಿಕಾರರೇ ಮುಂದೆ ಇರುವುದು ಸಹಜ. ಆದರೆ ಕಾಡು ಬರಿದಾದರೆ ಮೋಯಾರ್ ಬತ್ತುತ್ತದೆ. ನೀರು ಬತ್ತಿದ ಊರಿಗೆ ಯಾತ್ರಿಕನೂ ಬರುವುದಿಲ್ಲ, ಗಿರಾಕಿಯೂ ಬರುವುದಿಲ್ಲ. ಗಣಪತಿಗೆ ಕೈಮುಗಿಯುವ ನಾವು, ಆತನ ರೂಪದ ಪ್ರಾಣಿ ರಸ್ತೆ ದಾಟುವಾಗ ಐದು ನಿಮಿಷ ವಾಹನ ನಿಲ್ಲಿಸಿದರೆ ನಷ್ಟವೇನು? ಪ್ರಸಾದದ ಎಲೆ, ಪ್ಲಾಸ್ಟಿಕ್ ಚೀಲಗಳನ್ನು ಕಾಡಿನಲ್ಲಿ ಎಸೆಯದೆ ಮನೆಗೆ ಒಯ್ಯುವುದು ಕಷ್ಟವೇ?

ಉತ್ಸವಕ್ಕೆ ಆಗಮಿಸುವ ಸಕಲ ಭಕ್ತಾದಿಗಳ ಪ್ರಯಾಣವು ಸುಖಕರವಾಗಲಿ, ಈ ಗಿರಿಯೂ ಗಿರಿಯ ಜನರೂ ಜೀವರಾಶಿಗಳೂ ಕ್ಷೇಮವಾಗಿರಲಿ ಎಂದು ಪ್ರಾರ್ಥಿಸುತ್ತೇನೆ.