ಹೆಜ್ಜೆಗೆ ಒಗ್ಗಿದ ಧಾಟಿ: ಭಾರತೀಯ ಸೇನಾ ಬ್ಯಾಂಡಿನ ಮಾರ್ಚ್‌ಗಳು

ಸೇನಾ ಬ್ಯಾಂಡನ್ನು ಬ್ರಿಟಿಷರು ಬಿಟ್ಟುಹೋದ ಬಳುವಳಿ ಎಂದು ಬದಿಗಿಡುವುದು ಸುಲಭ. ವಾದ್ಯ, ಸ್ವರಲಿಪಿ, ಬ್ಯಾಂಡ್‌ಮಾಸ್ಟರನ ಹುದ್ದೆ ಎಲ್ಲವೂ ಅವರಿಂದಲೇ ಬಂದವು, ನಿಜ. ಆದರೆ ರೆಜಿಮೆಂಟಿನ ಅಭಿಮಾನ ವಾದ್ಯದ ಕುಲಗೋತ್ರ ನೋಡಿ ಹುಟ್ಟುವುದಿಲ್ಲ. ದೊಡ್ಡ ಡೋಲಿನ ಪೆಟ್ಟು ಬೀಳುವಾಗ ನೂರಾರು ಎಡಗಾಲು ಒಟ್ಟಿಗೆ ನೆಲ ಮುಟ್ಟಬೇಕು. ಕ್ವಿಕ್ ಮಾರ್ಚ್‌ನಲ್ಲಿ ನಿಮಿಷಕ್ಕೆ 120 ಹೆಜ್ಜೆ. ರೈಫಲ್ಸ್ ಮತ್ತು ಲಘು ಪದಾತಿ ಪರಂಪರೆಯ ದಳಗಳದ್ದು ಇನ್ನೂ ಬಿರುಸಿನ ನಡಿಗೆ. ಕಾಲಿಗೆ ಒಗ್ಗಿದ ಧಾಟಿ ತಮ್ಮದೇ ಎನಿಸಲು ಹೆಚ್ಚು ದಿನ ಬೇಕಾಗದು.

ಕುಮಾವೂಂ ರೆಜಿಮೆಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬ್ಯಾಂಡು ನುಡಿಸುವ ‘ಬೇಡು ಪಾಕೋ ಬಾರಾಮಾಸಾ’ ಕಾಡು ಅಂಜೂರ ಹಣ್ಣಾಗುವ ಹಾಡು. ಅದರಲ್ಲಿ ಕತ್ತಿಯೂ ಇಲ್ಲ, ಶತ್ರುವೂ ಇಲ್ಲ. ಇರುವುದು ಊರಿನ ನೆನಪು. ಅದನ್ನು ನುಡಿಸುವ ಸ್ಕಾಟಿಷ್ ಬ್ಯಾಗ್‌ಪೈಪ್ ಕುಮಾವೂಂ ಬೆಟ್ಟಸೀಮೆಯ ಹಳ್ಳಿಗಳಲ್ಲಿ ‘ಮಶಕ್‌ಬೀನ್’ ಎಂಬ ಹೆಸರು ಪಡೆದು ಮದುವೆ ದಿಬ್ಬಣದ ವಾದ್ಯವಾಗಿದೆ. ಹಾಡು ಹಳ್ಳಿಯಿಂದ ದಂಡಿಗೆ ಹೋಯಿತು, ವಾದ್ಯ ದಂಡಿನಿಂದ ಹಳ್ಳಿಗೆ ಬಂತು. ಯಾವುದನ್ನು ಪರಕೀಯ ಎನ್ನೋಣ?

ಸ್ವಾತಂತ್ರ್ಯಾನಂತರ ಈ ಕೊಡುಕೊಳ್ಳುವಿಕೆಗೆ ಒಂದು ಸಂಸ್ಥೆಯ ಆಸರೆ ಸಿಕ್ಕಿತು. ಬ್ರಿಟಿಷ್ ಬ್ಯಾಂಡ್‌ಮಾಸ್ಟರುಗಳು ಲಂಡನ್ ಬಳಿಯ ಕ್ನೆಲ್ಲರ್ ಹಾಲ್‌ನಲ್ಲಿ ಕಲಿತು ಬರುತ್ತಿದ್ದರು. ನಮ್ಮಲ್ಲೇ ಅಂಥದೊಂದು ಶಾಲೆಯಾಗಿ 1950ರಲ್ಲಿ ಸೇನಾ ಸಂಗೀತ ವಿಭಾಗ ಆರಂಭವಾಯಿತು. ಅದರ ನೆಲೆ ಮಧ್ಯಪ್ರದೇಶದ ಪಚ್ಮಢಿ. ಆಗ ಮಹಾದಂಡನಾಯಕರಾಗಿದ್ದವರು ಕೊಡಗಿನ ಕೆ.ಎಂ. ಕಾರ್ಯಪ್ಪ. ಶಾಲೆಗೆ ಅವರ ಒತ್ತಾಸೆಯಿತ್ತು. ಹೆರಾಲ್ಡ್ ಜೋಸೆಫ್, ಎಲ್.ಬಿ. ಗುರುಂಗ್ ಮೊದಲಾದ ಭಾರತೀಯ ರಚನಕಾರರ ಮಾರ್ಚ್‌ಗಳು ಕ್ರಮೇಣ ಕವಾಯತು ಮೈದಾನಕ್ಕೆ ಬಂದವು. ಹಳೆಯದು ಒಮ್ಮೆಲೇ ಹೋಗಲಿಲ್ಲ. ಗಾಂಧೀಜಿಗೆ ಪ್ರಿಯವಾಗಿದ್ದ ಕ್ರೈಸ್ತ ಪ್ರಾರ್ಥನಾಗೀತೆ ‘ಅಬೈಡ್ ವಿತ್ ಮಿ’ಯನ್ನು ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ ಬೀಟಿಂಗ್ ರಿಟ್ರೀಟ್‌ ಸಮಾರಂಭದಿಂದ ಕೈಬಿಟ್ಟಿದ್ದು 2022ರಲ್ಲಿ. ನನ್ನ ಮಟ್ಟಿಗೆ ಅದು ಅನಗತ್ಯ ಅವಸರ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ‘ಕದಂ ಕದಂ ಬಢಾಯೇ ಜಾ’ದ ಕಥೆ. ಅದಕ್ಕೆ ರಾಗ ಕೂಡಿಸಿದ ರಾಮ್ ಸಿಂಗ್ ಠಾಕುರಿ 1ನೇ ಗೂರ್ಖಾ ರೈಫಲ್ಸ್‌ನ ಸೈನಿಕ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸೆರೆಸಿಕ್ಕು, ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದರು. ನೇತಾಜಿ ಅವರಿಗೊಂದು ಪಿಟೀಲು ಕೊಟ್ಟಿದ್ದರು. ಫೌಜಿನ ನಡೆಗೀತೆಯಾದ ಆ ಹಾಡನ್ನು ಬ್ರಿಟಿಷ್ ಸರ್ಕಾರ ರಾಜದ್ರೋಹವೆಂದು ನಿಷೇಧಿಸಿತು. ಇಂದು ಅದೇ ಹಾಡು ಸೇನೆಯ ಕ್ವಿಕ್ ಮಾರ್ಚ್. ಆದರೆ ಫೌಜಿನ ಯೋಧರನ್ನು ಸ್ವತಂತ್ರ ಭಾರತದ ಸೇನೆ ಮರಳಿ ಸೇರಿಸಿಕೊಳ್ಳಲಿಲ್ಲ. ಠಾಕುರಿ ಉತ್ತರಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯ ಬ್ಯಾಂಡಿನಲ್ಲಿ ದುಡಿದು, 2002ರ ಏಪ್ರಿಲ್ 15ರಂದು ಲಖನೌದಲ್ಲಿ ತೀರಿಕೊಂಡರು.