ಕೀಲಿನ ಉರಿಯೂತ ಮತ್ತು ಹೃದಯದ ರಕ್ತನಾಳ: ಹಾವೇರಿ ಜಿಲ್ಲೆಯ ತಾಲ್ಲೂಕು ತಪಾಸಣೆಯಲ್ಲಿ ಬಿಟ್ಟುಹೋದ ಒಂದು ಎಣಿಕೆ

ಹಾನಗಲ್ಲಿನ ಭತ್ತದ ಗದ್ದೆ, ಸವಣೂರಿನ ಎಲೆಬಳ್ಳಿ ತೋಟ, ಶಿಗ್ಗಾವಿ ಮತ್ತು ಹಿರೇಕೆರೂರಿನ ಗೋವಿನಜೋಳ, ಹತ್ತಿಯ ಹೊಲಗಳಲ್ಲಿ ನಾಟಿ, ಕಳೆ, ಬಿಡಿಸುವ ಕೆಲಸವೆಲ್ಲ ಬಹುಪಾಲು ಹೆಣ್ಣುಮಕ್ಕಳದು. ಹಾಗಾಗಿ ಬೆರಳ ಗೆಣ್ಣುಗಳು ಬಾತು, ಬೆಳಿಗ್ಗೆ ತಾಸುಗಟ್ಟಲೆ ಮುಷ್ಟಿ ಕಟ್ಟಲಾಗದಿದ್ದರೂ ಅದನ್ನು ದುಡಿಮೆಯ ನೋವೆಂದು ತಳ್ಳಿಹಾಕುವುದು ಸುಲಭ. ದುಡಿಮೆಯ ನೋವು ವಿಶ್ರಾಂತಿಯಿಂದ ಇಳಿಯುತ್ತದೆ; ರುಮಟಾಯ್ಡ್ ಸಂಧಿವಾತ ವಿಶ್ರಾಂತಿಯ ನಂತರವೇ ಹೆಚ್ಚು ಬಿಗಿಯುತ್ತದೆ, ಎರಡೂ ಕೈಗಳ ಸಣ್ಣ ಕೀಲುಗಳನ್ನು ಒಟ್ಟಿಗೇ ಹಿಡಿಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು–ಮೂರು ಪಟ್ಟು ಹೆಚ್ಚು. ಈ ರೋಗಿಯನ್ನು ಕೀಲಿನ ರೋಗಿಯೆಂದಷ್ಟೇ ಕಾಣದೆ, ಹೃದಯದ ರಕ್ತನಾಳದ ಅಪಾಯವುಳ್ಳವಳೆಂದೂ ತಾಲ್ಲೂಕು ಮಟ್ಟದಲ್ಲೇ ಎಣಿಸಬೇಕು ಎಂಬುದು ಈ ಲೇಖನದ ವಾದ.

ಆಧಾರ ಗಟ್ಟಿಯಾಗಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಈ ರೋಗಿಗಳ ಹೃದಯ-ರಕ್ತನಾಳ ಸಂಬಂಧಿ ಸಾವು ಸುಮಾರು 50 ಪ್ರತಿಶತ ಹೆಚ್ಚೆಂದು ಕಂಡಿತು. ಕೀಲಿನಲ್ಲಿ ಹುಟ್ಟುವ ಟಿಎನ್‌ಎಫ್, ಇಂಟರ್‌ಲ್ಯುಕಿನ್-6 ಎಂಬ ಉರಿಯೂತದ ಪ್ರೋಟೀನುಗಳು ರಕ್ತದಲ್ಲಿ ಹರಡಿ ನಾಳದ ಒಳಪದರವನ್ನು ಕೆಡಿಸುತ್ತವೆ, ಅಲ್ಲಿನ ಕೊಬ್ಬಿನ ಗಡ್ಡೆ ಬಿರಿಯುವಂತೆ ಮಾಡುತ್ತವೆ. ಬ್ರಿಟನ್ನಿನ ಕ್ಯೂರಿಸ್ಕ್-2 ಲೆಕ್ಕಾಚಾರ 2008ರಲ್ಲೇ ಈ ರೋಗವನ್ನು ಸೇರಿಸಿಕೊಂಡಿತು. ಯುರೋಪಿನ ತಜ್ಞರ ಒಕ್ಕೂಟ ಯೂಲಾರ್, ರೋಗವನ್ನು ಎಣಿಸದ ಲೆಕ್ಕಾಚಾರದ ಫಲವನ್ನು 1.5ರಿಂದ ಗುಣಿಸಲು ಹೇಳುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರು ತುಂಬುವ ತಪಾಸಣಾ ಪಟ್ಟಿಯಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಕುಟುಂಬದ ಚರಿತ್ರೆಗೆ ಅಂಕಗಳಿವೆ. ಸಂಧಿವಾತಕ್ಕಿಲ್ಲ.

ಕೊಲೆಸ್ಟರಾಲ್ ಕಡಿಮೆಯಿದ್ದವಳಿಗೆ ಭಯವೇಕೆ ಎಂದು ಕೇಳಬಹುದು. ಉರಿಯೂತ ಜೋರಾಗಿದ್ದಾಗ ಎಲ್‌ಡಿಎಲ್ ಕೊಲೆಸ್ಟರಾಲ್ ತಾನೇ ಇಳಿಯುತ್ತದೆ, ಅಪಾಯ ಮಾತ್ರ ಏರುತ್ತದೆ. ರೋಗ ಹತೋಟಿಗೆ ಬಂದ ಮೇಲಿನ ಪರೀಕ್ಷೆಯೇ ನಂಬಲರ್ಹ. ಇದಕ್ಕಿಂತ ಬಲವಾದ ಆಕ್ಷೇಪ ಸಿಐಆರ್‌ಟಿ ಪ್ರಯೋಗದ್ದು: 4,786 ಹೃದ್ರೋಗಿಗಳ ಪೈಕಿ ಸಂಧಿವಾತದ ಔಷಧಿಯಾದ ಮೆಥೊಟ್ರೆಕ್ಸೇಟನ್ನು ಕಡಿಮೆ ಪ್ರಮಾಣದಲ್ಲಿ ಪಡೆದವರಲ್ಲಿ ಹೃದಯಾಘಾತ ತಗ್ಗಲಿಲ್ಲ. ಆದರೆ ಅವರು ಸಂಧಿವಾತದ ರೋಗಿಗಳೆಂದು ಆಯ್ಕೆಯಾದವರಲ್ಲ. ಅವರಲ್ಲಿ ಇಂಟರ್‌ಲ್ಯುಕಿನ್-6 ಆಗಲಿ ಉರಿಯೂತದ ಸೂಚಕ ಸಿಆರ್‌ಪಿ ಆಗಲಿ ಇಳಿಯಲೂ ಇಲ್ಲ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಎಲ್‌ಡಿಎಲ್ ಬದಲಾಗದೆ ಉರಿಯೂತವಷ್ಟೇ ತಗ್ಗಿದಾಗ ಹೃದಯಾಘಾತವೂ ತಗ್ಗಿತು. ಆದ್ದರಿಂದ ಸಿಐಆರ್‌ಟಿ ಅಲ್ಲಗಳೆದದ್ದು ಒಂದು ಔಷಧಿಯ ಸಾರ್ವತ್ರಿಕ ಬಳಕೆಯನ್ನೇ ಹೊರತು ಉರಿಯೂತದ ಪಾತ್ರವನ್ನಲ್ಲ.

ನಲವತ್ತರ ಹೆಂಗಸಿನ ಅಪಾಯವೇ ಅಲ್ಪ, ಅದನ್ನು ಒಂದೂವರೆ ಪಟ್ಟು ಮಾಡಿದರೂ ಅಲ್ಪವೇ ಎಂಬ ಮಾತು ಹತ್ತು ವರ್ಷದ ಲೆಕ್ಕಕ್ಕೆ ನಿಜ. ಕಾಯಿಲೆ ಮಾತ್ರ ಮೂವತ್ತು ವರ್ಷ ಜೊತೆಗಿರುತ್ತದೆ. ಮೇಲಾಗಿ ಇವರಲ್ಲಿ ಎದೆನೋವಿಲ್ಲದೆ ಗೊತ್ತೇ ಆಗದ ಹೃದಯಾಘಾತ ಹೆಚ್ಚೆಂದು ಅಮೆರಿಕದ ರಾಚೆಸ್ಟರಿನ ಅಧ್ಯಯನ 2005ರಲ್ಲಿ ತೋರಿಸಿತು. ನಡೆಯಲಾಗದವಳಿಗೆ ನಡೆದಾಗ ಬರುವ ಎದೆನೋವು ಎಲ್ಲಿಂದ ಬರಬೇಕು?

ತಜ್ಞರಿಲ್ಲ ಎಂಬ ಕೊರತೆ ವಾಸ್ತವ. ಹಿರೇಕೆರೂರಿನಿಂದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ಕಿಮ್ಸ್) ನೂರು ಕಿಲೋಮೀಟರಿಗೂ ದೂರ. ಆದರೆ ರಕ್ತದೊತ್ತಡ ಅಳೆಯಲು, ಫಲವನ್ನು ಒಂದೂವರೆಯಿಂದ ಗುಣಿಸಲು ತಜ್ಞರು ಬೇಕಿಲ್ಲ. ತಿಂಗಳುಗಟ್ಟಲೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್ ಮತ್ತು ಸ್ಟೆರಾಯ್ಡ್ ಮಾತ್ರೆಗಳ ಬಗ್ಗೆ ವಿಚಾರಿಸುವುದಂತೂ ಹಳ್ಳಿಯಲ್ಲೇ ಆಗಬೇಕಾದ ಕೆಲಸ: ಅವು ನೋವನ್ನು ತಗ್ಗಿಸುತ್ತಲೇ ರಕ್ತದೊತ್ತಡವನ್ನೂ ಹೃದಯಾಘಾತದ ಅಪಾಯವನ್ನೂ ಏರಿಸುತ್ತವೆ. ತಜ್ಞರು ಒಮ್ಮೆ ರೋಗವನ್ನು ಖಚಿತಪಡಿಸಿ, ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ, ಮುಂದಿನ ರಕ್ತಪರೀಕ್ಷೆಗಳನ್ನು ತಾಲ್ಲೂಕು ಆಸ್ಪತ್ರೆಯೇ ನೋಡಿಕೊಳ್ಳಬಹುದು.