ಬಿಡುಗಡೆಯ ಮಾರನೆಯ ದಿನ

ನಮ್ಮ ಮನೆಯಲ್ಲಿ ಅಪ್ಪನ ಸೋದರತ್ತೆ ಒಬ್ಬರಿದ್ದರು. ಮಕ್ಕಳೆಲ್ಲ ಅವರನ್ನು ಮಡಿ ಅಜ್ಜಿ ಎಂದೇ ಕರೆಯುತ್ತಿದ್ದೆವು. ಹದಿನಾಲ್ಕನೆಯ ವಯಸ್ಸಿಗೆ ಗಂಡ ತೀರಿಕೊಂಡ ಮೇಲೆ ಕೆಂಪು ಸೀರೆ ಉಟ್ಟು ಸೆರಗನ್ನು ಹಣೆಯವರೆಗೆ ಎಳೆದುಕೊಂಡವರು, ಕೊನೆಯವರೆಗೂ ಹಾಗೆಯೇ ಇದ್ದರು. ತಿಂಗಳಿಗೊಮ್ಮೆ ಕ್ಷೌರದವನು ಹಿತ್ತಲ ಬಾಗಿಲಿಗೆ ಬರುತ್ತಿದ್ದ. ಆಗ ನಮ್ಮನ್ನೆಲ್ಲ ಮುಂದಿನ ಜಗಲಿಗೆ ಅಟ್ಟುತ್ತಿದ್ದರು.

ನಾನು ಬಿ.ಎ. ಓದುತ್ತಿದ್ದಾಗ ಒಮ್ಮೆ ಲೈಬ್ರರಿಯಿಂದ ಎರಡನೇ ಮಹಾಯುದ್ಧದ ಚಿತ್ರಗಳ ದಪ್ಪ ಪುಸ್ತಕ ತಂದಿದ್ದೆ. ಅಜ್ಜಿಗೆ ಓದು ಬಾರದು, ಚಿತ್ರ ನೋಡುವ ಆಸೆ ಮಾತ್ರ ಬಹಳ. ಹಾಳೆ ತಿರುವುತ್ತ ಒಂದು ಚಿತ್ರದ ಮೇಲೆ ಬೆರಳಿಟ್ಟರು. ತಲೆ ಬೋಳಿಸಿದ ಒಬ್ಬ ಎಳೆಯ ಹೆಂಗಸು ಕೂಸನ್ನು ಎದೆಗವಚಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದಾಳೆ. ಸುತ್ತ ಜನ, ಅದರಲ್ಲೂ ಹೆಂಗಸರು, ನಗುತ್ತಿದ್ದಾರೆ.

“ಇವಳ ಗಂಡ ಸತ್ತನೇನೇ?” ಎಂದರು ಅಜ್ಜಿ.

“ಇಲ್ಲ ಅಜ್ಜಿ, ಶತ್ರುಗಳ ಸೈನಿಕನ ಜೊತೆ ಇದ್ದಳಂತೆ. ಕೂಸೂ ಅವನದೇ. ಅದಕ್ಕೆ ಊರವರು ಬೋಳಿಸಿದರು.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂಸನ್ನ ಕಿತ್ಕೊಳ್ಳಲಿಲ್ಲವಲ್ಲ, ಪುಣ್ಯ” ಎಂದರು.

ಅದು 1944ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಿಂದ ಅಷ್ಟೇನೂ ದೂರವಿಲ್ಲದ ಶಾರ್ತ್ರ್ ಎಂಬ ಊರಿನಲ್ಲಿ ರಾಬರ್ಟ್ ಕಾಪಾ ತೆಗೆದ ಚಿತ್ರ. ಆಕೆಯ ಮೇಲೆ ನೆರೆಯವರನ್ನು ಜರ್ಮನ್ನರಿಗೆ ಹಿಡಿದುಕೊಟ್ಟ ಆರೋಪವೂ ಇತ್ತೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆದರೆ ಆ ಹೊತ್ತಿಗೆ ಅಜ್ಜಿಯ ಪ್ರಶ್ನೆ ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ಆ ಒಂದು ಚಿತ್ರದ ಬಾಲ ಹಿಡಿದೇ ನಾನು ಪ್ಯಾರಿಸ್ ನಗರದ ಆ ದಿನಗಳ ಕಥೆಯನ್ನು ಸಿಕ್ಕಸಿಕ್ಕಲ್ಲಿ ಓದುತ್ತ ಬಂದವಳು.

ಪ್ಯಾರಿಸ್ ಜರ್ಮನ್ನರ ಕೈಗೆ ಬಿದ್ದದ್ದು 1940ರ ಜೂನ್ 14ರಂದು, ಬಿಡುಗಡೆಯಾದದ್ದು 1944ರ ಆಗಸ್ಟ್ 25ರಂದು. ಮಾರನೆಯ ದಿನ ಜನರಲ್ ಡಿ ಗಾಲ್ ಶಾಂಜೆಲಿಜೆ ಬೀದಿಯಲ್ಲಿ ನಡೆದುಹೋದಾಗ ಊರಿಗೆ ಊರೇ ಸೇರಿತ್ತು. ಸಿನಿಮಾಗಳಲ್ಲಿ ತೋರಿಸುವುದು ಅಲ್ಲಿಯವರೆಗೆ. ಅಂದೇ ರಾತ್ರಿ ಜರ್ಮನ್ ವಿಮಾನಗಳು ಬಂದು ಬಾಂಬು ಹಾಕಿದವೆಂಬುದನ್ನು ಯಾರೂ ತೋರಿಸುವುದಿಲ್ಲ. ಹಬ್ಬ ಮುಗಿದ ಮೇಲೆ ಒಲೆ ಹೊತ್ತಿಸಬೇಕಾದ ಹೆಂಗಸಿನ ಪಾಡನ್ನಂತೂ ಕೇಳುವವರೇ ಇಲ್ಲ.

ಹೊತ್ತಿಸಲು ಇದ್ದಿಲಿಲ್ಲ. ರೈಲು ಹಳಿ, ಸೇತುವೆಗಳು ಮುರಿದು ಬಿದ್ದಿದ್ದರಿಂದ ಹಳ್ಳಿಯ ಬೆಣ್ಣೆ, ಆಲೂಗಡ್ಡೆ ನಗರಕ್ಕೆ ಬರುವಂತಿಲ್ಲ. ಅನಿಲ, ವಿದ್ಯುತ್ತು ಬಂದಷ್ಟು ಹೊತ್ತು ಬಂತು. 1944–45ರ ಆ ಚಳಿಗಾಲವನ್ನು ಮನೆಯೊಳಗೂ ಕೋಟು ಹಾಕಿಕೊಂಡೇ ಕಳೆದರು. ರೇಷನ್ ಕಾರ್ಡು ಮೊದಲಿನಂತೆಯೇ, ಕ್ಯೂ ಮೊದಲಿಗಿಂತ ಉದ್ದ. ಬ್ರೆಡ್ಡಿನ ರೇಷನ್ನನ್ನು 1945ರ ಕೊನೆಯಲ್ಲಿ ತೆಗೆದುಹಾಕಿ, ಎರಡೇ ತಿಂಗಳಲ್ಲಿ ಮತ್ತೆ ತರಬೇಕಾಯಿತು. 1947ರಲ್ಲಿ ಅದು ದಿನಕ್ಕೆ ತಲೆಗೆ 200 ಗ್ರಾಮಿಗೆ ಇಳಿಯಿತು. ಶತ್ರು ಊರಲ್ಲಿದ್ದಾಗ ಸಿಗುತ್ತಿದ್ದುದಕ್ಕಿಂತಲೂ ಕಡಿಮೆ! ಬ್ರೆಡ್ಡು ಅವರಿಗೆ ನಮ್ಮ ಅನ್ನ, ಮುದ್ದೆ ಇದ್ದಂತೆ ಎಂಬುದನ್ನು ನೆನಪಿಟ್ಟರೆ ಅದರ ನೋವು ತಿಳಿದೀತು. ರೇಷನ್ ಪೂರ್ತಿ ಹೋದದ್ದು 1949ರಲ್ಲಿ.

ದನಗಳಿಗೆ ಹಾಕುತ್ತಿದ್ದ ಗೆಡ್ಡೆಯೊಂದನ್ನು, ರುಟಬಾಗಾ ಎಂದು ಅದರ ಹೆಸರು, ನಮ್ಮ ನವಿಲುಕೋಸಿನ ಬಳಗದ್ದು, ಆ ವರ್ಷಗಳಲ್ಲಿ ದಿನವೂ ಬೇಯಿಸಿ ತಿಂದು ಜನ ಎಷ್ಟು ಬೇಸತ್ತರೆಂದರೆ, ಮುಂದೆ ಬಹುಕಾಲ ಅದನ್ನು ಮನೆಗೇ ತರಲಿಲ್ಲವಂತೆ. ಕಾಫಿ ಎಂದರೆ ಹುರಿದ ಬಾರ್ಲಿ ಮತ್ತು ಚಿಕೋರಿ. ಇದನ್ನು ಓದಿದಾಗ ನನಗೆ ನಗು ಬಂತು. ಚಿಕೋರಿ ಇಲ್ಲದ ಕಾಫಿಯನ್ನು ನಮ್ಮಮ್ಮ ಕಾಫಿ ಎಂದೇ ಒಪ್ಪುತ್ತಿರಲಿಲ್ಲ! ಚರ್ಮ ಸಿಗದೆ ಪಾದರಕ್ಷೆಗಳಿಗೆ ಮರದ ಅಟ್ಟೆ ಹೊಡೆಸಿದ್ದರು, ಬೀದಿಯೆಲ್ಲ ಟಕಟಕ ಸದ್ದು. ಕಾಲುಚೀಲ ಸಿಗದ ಹುಡುಗಿಯರು ಕಾಲಿಗೆ ಬಣ್ಣ ಬಳಿದುಕೊಂಡು, ಹಿಂಬದಿಗೆ ಹೊಲಿಗೆಯಂತೆ ಕಾಣಲು ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುತ್ತಿದ್ದರು.

ಇಷ್ಟೆಲ್ಲದರ ನಡುವೆ ಆ ಕತ್ತರಿಯ ಕೆಲಸವೂ ನಡೆಯಿತು. ಬಿಡುಗಡೆಯ ದಿನಗಳಲ್ಲಿ ಪ್ಯಾರಿಸ್ಸಿನಲ್ಲೂ, ಉಳಿದ ಊರುಗಳಲ್ಲೂ ಜರ್ಮನ್ನರ ಜೊತೆ ಸಂಬಂಧವಿತ್ತೆಂಬ ಹೆಂಗಸರನ್ನು ಹಿಡಿದುತಂದು ಎಲ್ಲರೆದುರಿಗೆ ತಲೆ ಬೋಳಿಸಿದರು. ಇಡೀ ಫ್ರಾನ್ಸಿನಲ್ಲಿ ಹೀಗೆ ಬೋಳಿಸಿಕೊಂಡವರು ಸುಮಾರು 20,000 ಎಂದು ಇತಿಹಾಸಕಾರರ ಅಂದಾಜು. ಕೆಲವರು ನಿಜಕ್ಕೂ ಜನರನ್ನು ಹಿಡಿದುಕೊಟ್ಟವರೇ. ಕೆಲವರು ಪ್ರೀತಿಸಿದವರು. ಇನ್ನು ಕೆಲವರು ಜರ್ಮನ್ನರ ಬಟ್ಟೆ ಒಗೆದು, ಕಸ ಗುಡಿಸಿ ಹೊಟ್ಟೆ ಹೊರೆದವರು. ಜರ್ಮನ್ ಸೈನ್ಯಕ್ಕೆ ಸಿಮೆಂಟು, ಮದ್ಯ ಮಾರಿ ದುಡ್ಡು ಮಾಡಿದ ಗಂಡಸರೂ ಇದ್ದರು. ಅವರಲ್ಲಿ ಸಿಕ್ಕಿಬಿದ್ದವರ ಮೇಲೆ ಮೊಕದ್ದಮೆ ನಡೆಯಿತು, ಅವರಿಗೆ ವಕೀಲರೂ ಸಿಕ್ಕರು. ಬೀದಿಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದು ಹೆಚ್ಚಾಗಿ ಹೆಂಗಸರನ್ನೇ.

ಇದೇ ಹೆಂಗಸರಿಗೆ ಅದೇ ವರ್ಷ ಮತದಾನದ ಹಕ್ಕು ಬಂತೆಂಬುದು ವಿಚಿತ್ರವಾದರೂ ನಿಜ. 1944ರ ಏಪ್ರಿಲ್ 21ರಂದು, ಪ್ಯಾರಿಸ್ ಇನ್ನೂ ಜರ್ಮನ್ನರ ಕೈಯಲ್ಲಿದ್ದಾಗಲೇ, ಡಿ ಗಾಲ್ ಸರ್ಕಾರ ಆಲ್ಜಿಯರ್ಸಿನಲ್ಲಿ ಆಜ್ಞೆ ಹೊರಡಿಸಿತ್ತು. ಕ್ರಾಂತಿಯ ನಾಡು ಎಂದು ನಾವು ಪಾಠ ಓದಿದ ಫ್ರಾನ್ಸಿನಲ್ಲಿ ಅಲ್ಲಿಯವರೆಗೆ ಹೆಂಗಸರಿಗೆ ಓಟಿರಲಿಲ್ಲ. ನಮ್ಮ ಮಂಗಳೂರು, ಬಳ್ಳಾರಿಗಳು ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ ಆಸ್ತಿವಂತ ಹೆಂಗಸರಿಗಾದರೂ 1921ರಲ್ಲೇ ಆ ಹಕ್ಕು ಸಿಕ್ಕಿತ್ತು. ಪ್ಯಾರಿಸ್ಸಿನ ಗೃಹಿಣಿ ಮೊದಲ ಬಾರಿ ಓಟು ಹಾಕಿದ್ದು 1945ರ ಏಪ್ರಿಲ್ 29ರಂದು, ನಗರಸಭೆಯ ಚುನಾವಣೆಯಲ್ಲಿ. ಅದೇ ಅಕ್ಟೋಬರಿನಲ್ಲಿ ರಾಷ್ಟ್ರದ ಸಭೆಗೆ 33 ಮಂದಿ ಮಹಿಳೆಯರು ಆಯ್ಕೆಯಾದರು.

ಆ ಏಪ್ರಿಲ್‌ನಲ್ಲಿ ಅನೇಕರು ಓಟಿಗಿಂತ ಮೊದಲು ಹೋಗುತ್ತಿದ್ದ ಜಾಗ ಬೇರೆ. ಲುಟೇಸಿಯಾ ಎಂಬ ದೊಡ್ಡ ಹೋಟೆಲು. ಯುದ್ಧದಲ್ಲಿ ಅದು ಜರ್ಮನ್ ಗೂಢಚಾರರ ಕಚೇರಿಯಾಗಿತ್ತು. ಈಗ ಸೆರೆ ಶಿಬಿರಗಳಿಂದ ಬದುಕಿ ಬಂದವರನ್ನು ಅಲ್ಲಿಗೆ ಕರೆತರುತ್ತಿದ್ದರು. ಅಲ್ಲಿ ಹಲಗೆಗಳನ್ನು ನಿಲ್ಲಿಸಿ, ಮನೆಮನೆಯವರು ತಂದ ಫೋಟೋಗಳನ್ನು ಅಂಟಿಸಿದ್ದರು. ಮದುವೆಯ ಫೋಟೋ, ಶಾಲೆಯ ಫೋಟೋ. ಬಸ್ಸಿನಿಂದಿಳಿದವರಿಗೆ ಆ ಫೋಟೋ ಹಿಡಿದು “ಇವರನ್ನು ಕಂಡಿರಾ?” ಎಂದು ಕೇಳುವುದು. ಇಳಿದವರ ಮುಖವೋ, ಅವರ ಹೆಂಡತಿಯೇ ಗುರುತಿಸಲಾರದಷ್ಟು ಸವೆದಿತ್ತು.

ಲೇಖಕಿ ಮಾರ್ಗರೆಟ್ ಡ್ಯೂರಾಸ್ ಹೀಗೆ ಗಂಡನಿಗಾಗಿ ಕಾದವರು. ಆತ ದಾಖಾವ್ ಶಿಬಿರದಿಂದ ಎಲುಬಿನ ಹಂದರವಾಗಿ ಬಂದರು. ಹೊಟ್ಟೆ ತುಂಬ ಉಣ್ಣಿಸಿದರೆ ಸಾಯುತ್ತಾರೆಂದು ಚಮಚ ಚಮಚವಾಗಿ ಗಂಜಿ ಕುಡಿಸಿ ಬದುಕಿಸಿಕೊಂಡರು. ಆಕೆ ಆ ಹೊತ್ತಿಗೆ ಇನ್ನೊಬ್ಬನನ್ನು ಪ್ರೀತಿಸುತ್ತಿದ್ದರು. ಗಂಡ ಚೇತರಿಸಿಕೊಂಡ ಮೇಲೆ ಹೇಳಿ, ಬೇರೆಯಾದರು. ನನ್ನ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು ಮೂಗು ಮುರಿದಳು. ನನಗೇನೋ, ಆ ಗಂಜಿಯ ಚಮಚಕ್ಕಿಂತ ದೊಡ್ಡ ಪಾತಿವ್ರತ್ಯ ಕಾಣಲಿಲ್ಲ.

ಯಹೂದ್ಯರ ಮನೆಗಳಿಗೆ ಮರಳಿದವರು ಇನ್ನೂ ಕಡಿಮೆ. 1942ರ ಜುಲೈ 16, 17ರಂದು ಪ್ಯಾರಿಸ್ಸಿನ ಪೊಲೀಸರೇ, ಜರ್ಮನ್ನರಲ್ಲ, ಸುಮಾರು 13,000 ಯಹೂದ್ಯರನ್ನು ಹಿಡಿದುಕೊಟ್ಟಿದ್ದರು. ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳು. ಬದುಕಿ ಬಂದ ಕೆಲವರು ಬಾಗಿಲು ತಟ್ಟಿದರೆ ತೆರೆದದ್ದು ಅಪರಿಚಿತರು. ತಮ್ಮದೇ ಮನೆಗಾಗಿ ಕೋರ್ಟಿಗೆ ಅಲೆಯಬೇಕಾಯಿತು. ಆ ಬಂಧನದ ಹೊಣೆಯನ್ನು ಫ್ರಾನ್ಸಿನ ಅಧ್ಯಕ್ಷರೊಬ್ಬರು ಬಹಿರಂಗವಾಗಿ ಒಪ್ಪಿಕೊಂಡದ್ದು 1995ರಲ್ಲಿ.

ಹಿಂತಿರುಗದವರಲ್ಲಿ ಒಬ್ಬಳು ನಮ್ಮವಳೂ ಹೌದು. ಪ್ಯಾರಿಸ್ಸಿನ ಪಕ್ಕದ ಸುರೇನ್‌ನಲ್ಲಿ ಬೆಳೆದ ನೂರ್ ಇನಾಯತ್ ಖಾನ್, ತಂದೆಯ ಕಡೆಯಿಂದ ಮೈಸೂರಿನ ಟಿಪ್ಪು ಸುಲ್ತಾನರ ವಂಶದವಳು. ವೀಣೆ ನುಡಿಸುತ್ತಿದ್ದಳು, ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದಿದ್ದಳು. 1943ರ ಜೂನ್‌ನಲ್ಲಿ ಬ್ರಿಟಿಷರ ವೈರ್‌ಲೆಸ್ ಗುಪ್ತಚಾರಿಣಿಯಾಗಿ ಫ್ರಾನ್ಸಿಗೆ ಇಳಿದವಳು ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಳು. ಹಣಕ್ಕಾಗಿ ಹಿಡಿದುಕೊಟ್ಟಳೆಂದು ಒಬ್ಬ ಫ್ರೆಂಚ್ ಮಹಿಳೆಯ ಮೇಲೆ ಮುಂದೆ ವಿಚಾರಣೆ ನಡೆದು, ಆಕೆ ಖುಲಾಸೆಯಾದಳು. ದಾಖಾವ್‌ನಲ್ಲಿ ನೂರ್‌ಳನ್ನು ಗುಂಡಿಕ್ಕಿ ಕೊಂದದ್ದು 1944ರ ಸೆಪ್ಟೆಂಬರ್ 13ರಂದು. ಪ್ಯಾರಿಸ್ ಬಿಡುಗಡೆಯಾಗಿ ಆಗಲೇ 19 ದಿನಗಳಾಗಿದ್ದವು. ಮೊದಲು ಮನೆಯವರಿಗೆ ಬೇರೆ ಶಿಬಿರದ ಹೆಸರು ಹೇಳಿದ್ದರು, ನಿಜ ತಿಳಿದದ್ದು ಆಮೇಲೆ. 1949ರಲ್ಲಿ ಬ್ರಿಟನ್ ಆಕೆಗೆ ಜಾರ್ಜ್ ಕ್ರಾಸ್ ಪದಕ ಕೊಟ್ಟಿತು.

1945ರ ಮಾರ್ಚಿನಲ್ಲಿ ಲೂವ್ರ್ ಅರಮನೆಯ ಒಂದು ಭಾಗದಲ್ಲಿ ಬೊಂಬೆಗಳ ಪ್ರದರ್ಶನ ಆಯಿತು. ನಮ್ಮ ನವರಾತ್ರಿಯ ಬೊಂಬೆ ಹಬ್ಬದ ಹಾಗೆಯೇ ಅನ್ನಿ. ಎರಡಡಿ ಮೀರಿದ ತಂತಿಯ ಬೊಂಬೆಗಳು. ಬಟ್ಟೆ ಸಿಗದ ಕಾಲದಲ್ಲಿ ಹೆಸರಾಂತ ದರ್ಜಿಗಳು ತುಂಡು ಬಟ್ಟೆಯಲ್ಲಿ ಅವುಗಳಿಗೆ ಉಡುಪು ಹೊಲಿದಿದ್ದರು. ಒಳಗಿನ ಲೈನಿಂಗು, ಬಿಚ್ಚಿ ಹಾಕಬಹುದಾದ ಗುಂಡಿ, ಪುಟ್ಟ ಹ್ಯಾಟು, ಎಲ್ಲವೂ ನಿಜವಾದವೇ. ಟಿಕೆಟಿನ ದುಡ್ಡು ಯುದ್ಧದಲ್ಲಿ ನೊಂದವರಿಗೆ. ಚಳಿಯಲ್ಲಿ, ಅರೆಹೊಟ್ಟೆಯಲ್ಲಿ ಸುಮಾರು ಒಂದು ಲಕ್ಷ ಜನ ಬಂದು ನೋಡಿದರು. ಆ ಬೊಂಬೆಗಳು ಈಗ ಅಮೆರಿಕದ ಮೇರಿಹಿಲ್ ವಸ್ತುಸಂಗ್ರಹಾಲಯದಲ್ಲಿವೆ.

ಎರಡು ವರ್ಷದ ನಂತರ, 1947ರ ಫೆಬ್ರವರಿಯಲ್ಲಿ, ಕ್ರಿಸ್ಟಿಯನ್ ಡಿಯೋರ್ ಗಜಗಟ್ಟಲೆ ಬಟ್ಟೆ ನುಂಗುವ ಅಗಲ ಲಂಗದ ಉಡುಪುಗಳನ್ನು ತಂದ. ಅದನ್ನು ತೊಟ್ಟ ಹುಡುಗಿಯ ಫೋಟೋ ತೆಗೆಯಲು ಮೊಂಮಾರ್ತ್ರ್‌ನ ಸಂತೆಬೀದಿಗೆ ಹೋದಾಗ, ತರಕಾರಿ ಕೊಳ್ಳಲು ಬಂದಿದ್ದ ಹೆಂಗಸರು ಮೈಮೇಲೆ ಬಿದ್ದು ಆ ಉಡುಪನ್ನು ಹರಿದುಹಾಕಿದರು. ಇನ್ನೂರು ಗ್ರಾಮ್ ಬ್ರೆಡ್ಡಿನ ವರ್ಷ ಅದು. ಆ ಹುಡುಗಿಯ ಮೇಲೆ ನನಗೆ ಕನಿಕರ, ಹರಿದವರ ಮೇಲೆ ಸಿಟ್ಟು ಮಾಡಲೂ ಮನಸ್ಸು ಬಾರದು.

ಇನ್ನೊಂದು ಸಂಗತಿ. ಜರ್ಮನ್ನರು ಬಂದೊಡನೆ ಪ್ಯಾರಿಸ್ಸಿನ ಗಡಿಯಾರಗಳನ್ನು ಬರ್ಲಿನ್ ವೇಳೆಗೆ ಒಂದು ಗಂಟೆ ಮುಂದೆ ತಿರುಗಿಸಿದ್ದರು. ಅವರು ಹೋದ ಮೇಲೂ ಹಳೆಯ ವೇಳೆಗೆ ಮರಳಲಿಲ್ಲ, ಇಂದಿಗೂ ಪ್ಯಾರಿಸ್ ನಡೆಯುವುದು ಬರ್ಲಿನ್ನಿನ ಹೊತ್ತಿಗೇ.

ಆ ಪುಸ್ತಕವನ್ನು ಮಾರನೆಯ ದಿನ ಲೈಬ್ರರಿಗೆ ಹಿಂತಿರುಗಿಸಲು ಹೊರಟಾಗ ಮಡಿ ಅಜ್ಜಿ ಅಡುಗೆಮನೆಯಿಂದಲೇ ಕೇಳಿದರು:

“ಆ ಹುಡುಗಿಗೆ ಆಮೇಲೆ ಕೂದಲು ಬಂತೇನೇ?”

“ಬಂದಿರುತ್ತೆ ಅಜ್ಜಿ.”

“ಬಿಟ್ಟರೇನು ಬೆಳೆಯೋಕೆ?” ಎಂದರು.